ಜಾರಿಕೊಂಡ ಬೇಡಿ

ರೋಮಿನ ಕಲ್ಲುಗಣಿಯಲ್ಲಿ ತೀಮೋನನೆಂಬ ಮಕ್ಕಳಿರುವ ಸಂಸಾರಿ ಸೆರೆಯಲ್ಲಿದ್ದ. ಒಬ್ಬನನ್ನು ಬಿಡಿಸಲು ಇನ್ನೊಬ್ಬ ಸೆರೆಗೆ ಹೋಗುವ ರೂಢಿ ಆಗಿನ ಕ್ರೈಸ್ತರಲ್ಲಿತ್ತು. ಅದರಂತೆ ಮುದಿ ನೇಕಾರ ಸಿಲ್ವಾನ ಬಂದು ಕಾಲು ಚಾಚಿದ. "ನೀನು ತಪ್ಪಿಸಿಕೊಂಡರೆ ಅವನನ್ನೇ ಎಳೆದು ತರುತ್ತೇನೆ," ಎಂದು ಹೇಳಿ ಕಾವಲುಗಾರ ತೀಮೋನನನ್ನು ಬಿಟ್ಟು ಮುದುಕನಿಗೆ ಬೇಡಿ ತೊಡಿಸಿದ.

ಕೆಲವು ದಿನಗಳಾದ ಮೇಲೆ ಬೇಡಿ ಸಿಲ್ವಾನನ ಚಪ್ಪಲಿಯನ್ನು ಕೇಳಿತು, "ಏನಯ್ಯಾ, ನಿನ್ನ ಯಜಮಾನನಿಗೆ ಬುದ್ಧಿ ನೆಟ್ಟಗಿದೆಯಾ? ತನ್ನ ರೊಟ್ಟಿಯನ್ನೂ ಹಂಚಿ ಹಂಚಿ ಕಾಲು ಕಡ್ಡಿಯಾಗಿದೆ. ನಾನು ಜಾರಿ ಬಿದ್ದಾಗಲೆಲ್ಲ ಬಗ್ಗಿ ತಾನೇ ಹಾಕಿಕೊಳ್ಳುತ್ತಾನಲ್ಲ!"

"ಅವನು ಹಾಕಿಕೊಳ್ಳದಿದ್ದರೆ ತೀಮೋನ ಹಾಕಿಕೊಳ್ಳಬೇಕಾಗುತ್ತದೆ."

"ಅದೆಲ್ಲ ನನಗೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ಹಿಡಿದದ್ದೇ ಆಯಿತು. ಒಬ್ಬನನ್ನಾದರೂ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತೇನೆ."

"ದಮ್ಮಯ್ಯ, ಸುಮ್ಮನಿರು!" ಎಂದಿತು ಚಪ್ಪಲಿ.

ಬೇಡಿ ಕೇಳಲಿಲ್ಲ. ಮಧ್ಯಾಹ್ನ ಮತ್ತೆ ಜಾರಿದಾಗ ಉರುಳಿಕೊಂಡು ಹೋಗಿ ಕಲ್ಲುಪುಡಿಯ ರಾಶಿಯಲ್ಲಿ ಅಡಗಿತು. ಸಿಲ್ವಾನ ಮೊಣಕಾಲೂರಿ ಎರಡೂ ಕೈಗಳಿಂದ ಪುಡಿಯನ್ನು ಬಗೆದ. "ಎಲ್ಲಿದ್ದೀಯಪ್ಪಾ, ಬಾ," ಎಂದು ತಪ್ಪಿಸಿಕೊಂಡ ಕರುವನ್ನು ಕರೆಯುವ ಹಾಗೆ ಕರೆದ. ಬೇಡಿಗೆ ಕನಿಕರ ಉಕ್ಕಿ ಬಂತು. ಇನ್ನೂ ಆಳಕ್ಕಿಳಿಯಿತು.

ಅಷ್ಟರಲ್ಲಿ ಕಾವಲುಗಾರ ಅವನ ಬೋಳು ಕಾಲನ್ನು ಕಂಡ. ಮುದುಕನ ಮಾತನ್ನು ಯಾರೂ ನಂಬಲಿಲ್ಲ.

ಸಂಜೆಗೆ ತೀಮೋನನನ್ನು ಎಳೆತಂದರು. ಕೆಲಸಕ್ಕೆ ಬಾರದ ಸಿಲ್ವಾನನನ್ನು ಬಾಗಿಲಾಚೆ ತಳ್ಳಿದರು. ಅವನು ಹೊರಗಿನಿಂದ ಕದ ಬಡಿಯುತ್ತಲೇ ಇದ್ದ. ಒಳಗೆ, ಪುಡಿಯಿಂದ ಹೆಕ್ಕಿದ ಬೇಡಿಯನ್ನು ತೀಮೋನನಿಗೆ ತೊಡಿಸಿದರು. ಈಗ ಅದು ಮನಸಾರೆ ಜಾರಲು ನೋಡಿತು. ಗಟ್ಟಿ ಕಾಲು, ಅಳತೆಗೆ ಸರಿಯಾಗಿ ಕೂತಿತು.