ಕೆಂಪು ಡಿಸ್ಕು, ಹಸಿರು ಡಿಸ್ಕು, ಗೆದ್ದದ್ದು ಯಾವುದು?

"ಕೇಳ್ರಪ್ಪೋ ಕೇಳಿ! ಸಿನಿಮಾ ತೋರಿಸೋ ಡಿಸ್ಕುಗಳ ಜಗಳ ಕೇಳಿ ಕೇಳಿ ಮಹಾರಾಜರ ತಲೆ ಕೆಟ್ಟಿದೆ. ಅವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದರೆ ತಲೆ ತೆಗೀತಾರೆ!"

ಡಂಗುರ ಕೇಳಿ ಚಾಪೆ ಹೆಣೆಯುವ ಮೂಡಲಗಿರಿ ಎದ್ದು ನಿಂತ. ಅವನಿಗಾಗಲೇ ರೋಸಿಹೋಗಿತ್ತು. ಆ ಸೀಮೆಯಲ್ಲಿ ಹೆಣ್ಣು ಗಂಡನ ಮನೆಗೆ ಹೊರಟರೆ ತವರಿನವರ ಮುಖ, ಮಾತು ತುಂಬಿದ ಡಿಸ್ಕೊಂದನ್ನು ಮಡಿಲಿಗೆ ಹಾಕಿ ಕಳಿಸುವುದು ಪದ್ಧತಿ. ಅವನ ಹೆಂಡತಿ ಓಬಕ್ಕ ತಂದದ್ದು ಹಸಿರು ಡಿಸ್ಕು. ಇವನ ಮನೆಯಲ್ಲಿದ್ದದ್ದು ಕೆಂಪು ಡಿಸ್ಕನ್ನಷ್ಟೇ ಓಡಿಸುವ ಕೆಂಪು ಪೆಟ್ಟಿಗೆ. ಹಸಿರು ಹಾಕಿದರೆ ಹೊರಕ್ಕೆ ಉಗುಳುತ್ತಿತ್ತು! ಅಷ್ಟರಲ್ಲಿ ಅರಮನೆಯವರು ಕೆಂಪೇ ಗೆದ್ದಿತೆಂದು ಸಾರಿ, ಊರೂರಿನ ಹಸಿರು ಪೆಟ್ಟಿಗೆಗಳನ್ನೆಲ್ಲ ಕಿತ್ತುಕೊಂಡು ಹೋಗಿ ಉಗ್ರಾಣಕ್ಕೆ ತುಂಬಿದರು. ಆಮೇಲೆ ಓಬಕ್ಕನ ಅಪ್ಪ ತೀರಿಕೊಂಡ. ಡಿಸ್ಕು ಕೈಯಲ್ಲೇ ಇದ್ದರೂ ಅವಳಿಗೆ ಅಪ್ಪನ ಮುಖ ನೋಡುವ ದಾರಿಯಿಲ್ಲ. ಥೂ, ಇದೂ ಒಂದು ರಾಜ್ಯವೇ!

"ಹಸಿರು ಪೆಟ್ಟಿಗೆ ತರ್ತೀನಿ, ಇಲ್ಲ ತಲೆ ಕೊಡ್ತೀನಿ," ಅಂದ ಮೂಡಲಗಿರಿ.

"ನಿನ್ನ ತಲೆ ಹೋದ್ರೆ ಆ ಪೆಟ್ಟಿಗೆ ಕಟ್ಕೊಂಡು ನಾನೇನು ಮಾಡ್ಲಿ?" ಎಂದು ಓಬಕ್ಕ ಅತ್ತಳು. ಅವನು ಕೇಳಬೇಕಲ್ಲ!

ಆಸ್ಥಾನಕ್ಕೆ ಎರಡೂ ಡಿಸ್ಕು, ಪೆಟ್ಟಿಗೆಗಳನ್ನು ಮಾಡಿ ಮಾರುವ ಸಾಹುಕಾರರು ಮೊದಲೇ ಬಂದು ಮೀಸೆ ತಿರುವುತ್ತಿದ್ದರು. ರಾಜ ಕೇಳಿದ: "ಅಕ್ಕತಂಗಿಯರಿಬ್ಬರು. ಒಂದೇ ಅಗಲ, ಒಂದೇ ಮಿಂಚು, ನಡುವೆ ಒಂದೇ ತೂತು. ಒಬ್ಬಳ ಮನೆಯಲ್ಲಿ ಇನ್ನೊಬ್ಬಳಿಗೆ ಮಾತೇ ಹೊರಡದು. ಯಾರವರು?"

"ಕೆಂಪು ಡಿಸ್ಕು, ಹಸಿರು ಡಿಸ್ಕು!" ಮೂವರೂ ಒಟ್ಟಿಗೇ ಕೂಗಿದರು.

"ಇಬ್ಬರು ಬಡಿದಾಡಿದರು, ಏಟು ತಿಂದವನು ಮೂರನೆಯವನು. ಅವನಾರು?"

"ನಾನೇ ಪ್ರಭು! ನನ್ನ ಅಂಗಡಿಯೇ ಮುಚ್ಚಿತಲ್ಲ," ಎಂದು ಹಸಿರು ಸಾಹುಕಾರ ಗೋಳಾಡಿದ.

"ನೀನು ಬಡಿದಾಡಿದವನು. ಹಿಡಿಯಿರಿ ಇವನನ್ನು!"

"ಪೆಟ್ಟಿಗೆ ಕೊಂಡವನು, ಬುದ್ಧಿ," ಅಂದ ಮೂಡಲಗಿರಿ. "ಯಾವುದು ಉಳೀತದೋ ಗೊತ್ತಿಲ್ದೆ ಒಂದನ್ನ ತಂದು ಕೂತವನು."

ರಾಜ ತಲೆಯಾಡಿಸಿದ. "ಹಾಗಾದರೆ ಗೆದ್ದದ್ದು ಯಾವುದು?"

"ಹೆಚ್ಚು ಮಾರಾಟವಾದದ್ದು ಕೆಂಪು. ಕೆಂಪೇ ಗೆದ್ದಿತು," ಎಂದ ಕೆಂಪು ಸಾಹುಕಾರ.

"ಗೆದ್ದಿದ್ದರೆ ನನ್ನ ಬಾಗಿಲಲ್ಲಿ ದಿನಾ ಜನರ ಗೋಳೇಕೆ? ಇವನನ್ನೂ ಹಿಡಿಯಿರಿ!"

ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟು ಮೂಡಲಗಿರಿಯ ಬಾಯಿಂದ ಹೊರಬಿತ್ತು.

"ಯಾವುದೂ ಗೆದ್ದಿಲ್ಲ, ಬುದ್ಧಿ! ಡಿಸ್ಕು ಹಾಕ್ದಾಗ ಬೇಕಾದವರ ಮುಖ ಕಂಡ್ರೆ ಅದು ಗೆದ್ದಂಗೆ. ಕಾಣದಿದ್ರೆ ರಾಜ್ಯದ ತುಂಬ ಮಾರಿದ್ರೂ ಸೋತಂಗೆ. ನನ್ನ ಹೆಂಡ್ತಿ ಅಪ್ಪನ ಮುಖ ನೋಡಕ್ಕಾಗದೆ ಅಳ್ತಾ ಕೂತವಳೆ. ನೀವು ಪೆಟ್ಟಿಗೆಗಳಿಗೆ ಬೀಗ ಜಡಿದು ಅದನ್ನ ಗೆಲುವು ಅಂತೀರಲ್ಲ!"

ರಾಜ ತಲೆ ತಗ್ಗಿಸಿದ. ಬೀಗ ಜಡಿಸಿದವನು ತಾನೇ ತಾನೆ!

"ಉತ್ತರ ಸರಿಯಾಗಿದೆ. ಏನು ಬೇಕು?"

"ಒಂದು ಹಸಿರು ಪೆಟ್ಟಿಗೆ. ಈ ಸಾಹುಕಾರರ ತಲೆ ತೆಗೀಬೇಡಿ. ಇಬ್ಬರೂ ಸೇರಿ ಎರಡೂ ಡಿಸ್ಕು ಓಡೋ ಪೆಟ್ಟಿಗೆ ಮಾಡ್ಲಿ. ಆಮೇಲೆ ಬೇಕಾದ್ರೆ ಕಚ್ಚಾಡ್ಲಿ."

ರಾಜ ಅದೇ ದಿನ ಉಗ್ರಾಣದ ಬಾಗಿಲು ತೆಗೆಸಿದ. ಮೂಡಲಗಿರಿ ಪೆಟ್ಟಿಗೆ ಹೊತ್ತು ಮನೆಗೆ ಬಂದ. ಓಬಕ್ಕ ಡಿಸ್ಕು ಹಾಕಿದಳು. ಅವಳಪ್ಪ ರುಮಾಲು ಸರಿಮಾಡಿಕೊಂಡು, ಕೆಮ್ಮಿ, "ಮಗಾ ಓಬಿ" ಎಂದ.

"ಆಸ್ಥಾನದಲ್ಲಿ ನಾನು ಏನಂದೆ ಗೊತ್ತೇನೇ? ರಾಜನ ಮುಖ ನೋಡಬೇಕಿತ್ತು..." ಎಂದು ಮೂಡಲಗಿರಿ ಎದೆಯುಬ್ಬಿಸಿ ಶುರುಮಾಡಿದ.

"ಅಯ್ಯೋ, ಸುಮ್ಕಿರಯ್ಯ!" ಅಂದಳು ಓಬಕ್ಕ, ಕಣ್ಣು ಕೀಳದೆ. "ನಮ್ಮಪ್ಪ ಮಾತಾಡ್ತಾವ್ನೆ."