ಸೀಮೆಸುಣ್ಣ ಹತ್ತದ ಬೆರಳು

"ಬುದ್ಧಿ, ತಂಗಿಯ ಮದುವೆ ಮುಗಿಸಿ ಮಠಕ್ಕೆ ಬಂದು ಆರು ತಿಂಗಳಾಯಿತು. ಗಂಡಿನ ಕಡೆಯವರು ಅವಸರ ಮಾಡಿದರು, ವಿಚಾರಿಸದೆ ವಾರದೊಳಗೆ ಧಾರೆ ಎರೆದೆ. ಆಮೇಲೆ ಅತ್ತ ಹೋಗಿಲ್ಲ. ನನ್ನ ಹೊಣೆ ಮುಗಿಯಿತು. ಆದರೂ ಪೂಜೆಗೆ ಕೂತರೆ ಮನಸ್ಸು ಕೂರುವುದಿಲ್ಲ. ಈ ತಳಮಳ ಹೋಗುವುದು ಹೇಗೆ?" ಎಂದು ಶಿಷ್ಯ ಷಡಕ್ಷರಿ ಕೇಳಿದ. ಕೇಳುವಾಗಲೇ ಎರಡು ಸಲ ಎದ್ದು ಕೂತ.

"ಮೊದಲು ಒಂದು ಕಡೆ ಕೂರಪ್ಪ. ನಿನ್ನನ್ನು ನೋಡಿದರೆ ನನಗೇ ತಳಮಳ," ಎಂದು ಗದರಿ ಗುರುಗಳು ಈ ಕತೆ ಹೇಳಿದರು.

ಹೆದ್ದಾರಿಯ ಪಕ್ಕ ಒಬ್ಬ ಟೈರ್ ಅಂಗಡಿಯವನಿದ್ದ. ಅವನ ಬಳಿ ಚಕ್ರದ ನಟ್ಟು ಬಿಗಿಯಲು ಗಾಳಿಯಿಂದ ಓಡುವ ಗನ್ ಇತ್ತು. ಕಂಪ್ರೆಸರಿನ ಗಾಳಿ ಅದರೊಳಗಿನ ಸುತ್ತಿಗೆಯನ್ನು ತಿರುಗಿಸುತ್ತದೆ. ಸುತ್ತಿಗೆ ಪೆಟ್ಟಿನ ಮೇಲೆ ಪೆಟ್ಟು ಕೊಟ್ಟು ನಟ್ಟು ಬಿಗಿಯುತ್ತದೆ. ಪೆಟ್ಟೆಲ್ಲ ನಟ್ಟಿಗೆ, ಬಿಗಿ ಎಷ್ಟೆಂದು ಹಿಡಿದ ಕೈಗೆ ತಿಳಿಯದು. ನಟ್ಟು ಓರೆಯಾಗಿ ಕೂತರೂ ಗನ್ ಕೇಳುವುದಿಲ್ಲ, ಬೋಲ್ಟಿನ ಥ್ರೆಡ್ಡನ್ನೇ ಅರೆದು ಒಳಗೆ ತಳ್ಳುತ್ತದೆ. ಅದಕ್ಕೇ ಅವನದೊಂದು ರೂಢಿ. ಮೊದಲ ಮೂರು ಸುತ್ತು ಬೆರಳಲ್ಲಿ, ಆಮೇಲೆ ಗನ್, ಕೊನೆಯ ಬಿಗಿ ಕೈಪಾನಾದಲ್ಲಿ. ಪಾನಾ ಹಾಕಿ ನೋಡಿದ ನಟ್ಟಿಗೆ ಸೀಮೆಸುಣ್ಣದ ಗೆರೆ. ಗೆರೆಯಿಲ್ಲದೆ ಗಾಡಿ ಹೊರಡುವಂತಿಲ್ಲ.

ಒಂದು ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಟೆಂಪೊ ಪಂಕ್ಚರಾಗಿ ಅವನ ಅಂಗಡಿ ಮುಂದೆ ನಿಂತಿತು. ಒಳಗೆ ಹದಿನೆಂಟು ಜನ. ಫ್ಯಾಕ್ಟರಿ ಗೇಟು ಮುಚ್ಚುತ್ತದೆ, ಬೇಗ ಮಾಡಿ ಎಂದು ಎಲ್ಲರದೂ ಒಂದೇ ವರಾತ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಹಾಗಾಯಿತು. ಅಂಗಡಿಯವನು ಬೆರಳನ್ನೂ ಬಿಟ್ಟ, ಪಾನಾವನ್ನೂ ಬಿಟ್ಟ. ಗನ್ನಿನಲ್ಲೇ ಐದೂ ನಟ್ಟು ಕೂರಿಸಿ ಕಳಿಸಿದ.

ಟೀ ಲೋಟ ಎತ್ತುವಾಗ ಬೆರಳು ನೋಡಿಕೊಂಡ. ಸೀಮೆಸುಣ್ಣ ಹತ್ತಿರಲಿಲ್ಲ. ಲೋಟ ಕೆಳಗಿಟ್ಟ. ಕೂತ, ಎದ್ದ, ರಸ್ತೆ ನೋಡಿದ. ಏನೂ ಆಗಿರಲಿಕ್ಕಿಲ್ಲ ಎಂದುಕೊಂಡು ಮತ್ತೆ ಕೂತ. ಆಗಲಿಲ್ಲ. ಅಂಗಡಿ ತೆರೆದೇ ಬಿಟ್ಟು, ಪಾನಾ ಹಿಡಿದು, ಬೈಕ್ ಹತ್ತಿದ. ಕಣಿವೆಯ ಇಳಿಜಾರು ಶುರುವಾಗುವ ಮೊದಲೇ ಟೆಂಪೊ ಅಡ್ಡಗಟ್ಟಿದ.

"ಗನ್ನಲ್ಲೇ ಬಿಗಿದಿದ್ದೀಯಲ್ಲಯ್ಯ, ಇನ್ನೇನು ನಿನ್ನ ಗೋಳು?" ಎಂದು ಡ್ರೈವರ್ ರೇಗಿದ.

ಅವನು ಚಕ್ರದ ಬಳಿ ಕುಕ್ಕರಿಸಿ ಪಾನಾ ಹಾಕಿದ. ಮೂರು ನಟ್ಟು ಗಟ್ಟಿಯಾಗಿ ನಿಂತವು. ಉಳಿದೆರಡು ಬೋಲ್ಟು ಸಮೇತ ತುಂಡಾಗಿ ಕೈಗೆ ಬಂದವು. ಕಿಟಕಿಯಲ್ಲಿ ಬೈಯುತ್ತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕೆಳಗಿಳಿದರು.

ಷಡಕ್ಷರಿ ಕೇಳಿದ, "ಚಕ್ರ ಕಳಚುತ್ತದೆಂದು ಅವನಿಗೆ ಮೊದಲೇ ಹೇಗೆ ತಿಳಿಯಿತು ಬುದ್ಧಿ?"

"ತಿಳಿದಿರಲಿಲ್ಲ. ತಳಮಳ ಬಿಡಲಿಲ್ಲ, ಹೋದ."

ಷಡಕ್ಷರಿ ಮತ್ತೇನೋ ಕೇಳಲು ಬಾಯಿ ತೆರೆದ. ಗುರುಗಳು ಬಿಡಲಿಲ್ಲ.

"ನಿನ್ನ ತಂಗಿಯ ಊರಿಗೆ ಬಸ್ಸು ಎಷ್ಟು ಹೊತ್ತಿಗೆ?"