ಎತ್ತಿಕೊಟ್ಟ ಸೊಲ್ಲು

"ಗುರುಗಳೇ, ಇದನ್ನು ನಮ್ಮಮ್ಮನಿಗೆ ಕೊಡಬಹುದೇ?" ಎಂದು ದಯಾಕರ ಕೇಳಿದ.

ಅವನು ಪುಟ್ಟಲಿಂಗಯ್ಯನವರ ಶಿಷ್ಯ. ಅವರ ಬಳಿ ಜೀವವಿಜ್ಞಾನ ಕಲಿತು, ಈಗ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ. ಮೂರೇ ಅಮೈನೋ ಆಮ್ಲಗಳನ್ನು ಮಣಿಯಂತೆ ಪೋಣಿಸಿದ ಕಿರು ಪೆಪ್ಟೈಡೊಂದನ್ನು ಮುದಿ ಜೀವಕೋಶಗಳಿಗೆ ಹಾಕಿ ನೋಡಿದ್ದ. ವಯಸ್ಸಾದಂತೆ ಮುಚ್ಚಿಕೊಂಡಿದ್ದ ಒಂದು ಜೀನ್ ಮತ್ತೆ ತೆರೆದು ಕೆಲಸಕ್ಕೆ ತೊಡಗಿತ್ತು. ಮನೆಯಲ್ಲಿ ತಾಯಿಗೆ ದಿನದಿಂದ ದಿನಕ್ಕೆ ಕಣ್ಣು ಮಂಜಾಗುತ್ತಿತ್ತು. ಮಗನಿಗೆ ತಡೆಯಲಾಗಲಿಲ್ಲ.

"ಕೊಡುವ ಆಸೆ ತಪ್ಪಲ್ಲ ಕಣಯ್ಯ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು ಗುರುಗಳು.

ಒಂದೂರಿನಲ್ಲಿ ಒಬ್ಬ ಸೊಸೆ. ಅವಳ ಅತ್ತೆ ಊರಿಗೆಲ್ಲ ಹೆಸರಾದ ಹಾಡುಗಾರ್ತಿ. ಅತ್ತೆಗೆ ವಯಸ್ಸಾಯಿತು. ಹಾಡುಗಳು ಒಂದೊಂದಾಗಿ ನಿಂತವು, ಮಾತೂ ಕಡಿಮೆಯಾಯಿತು. ಹಾಗೆಂದು ಸೊಸೆ ಅವಳನ್ನು ಮೂಲೆಗೆ ತಳ್ಳಿದವಳಲ್ಲ. ಕೂರಿಸಿ ಉಣ್ಣಿಸುತ್ತಿದ್ದಳು, ತಲೆ ಬಾಚುತ್ತಿದ್ದಳು. ಆದರೂ ಆ ಮುಚ್ಚಿದ ಬಾಯಿ ನೋಡಿದರೆ ಅವಳಿಗೆ ಕರುಳು ಚುರ್ ಎನ್ನುತ್ತಿತ್ತು.

ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಅವರಲ್ಲಿ ಒಂದು ಪದ್ಧತಿ. ಮದುವೆಯ ಅರಿಶಿನ ಕುಟ್ಟುವ ದಿನ ಮನೆಯ ಹಿರಿಯಳು ಹಾಡದೆ ಒನಕೆ ಬೀಳುವಂತಿಲ್ಲ. ನೆಂಟರಿಷ್ಟರು ಬಂದರು. ಅರಿಶಿನದ ಕೊಂಬುಗಳನ್ನು ಒರಳಿಗೆ ಹಾಕಿ, ಹೆಂಗಸರು ಒನಕೆ ಹಿಡಿದು ನಿಂತರು. ಮುದುಕಿ ಜಪ್ಪಯ್ಯ ಎಂದರೂ ಬಾಯಿ ಬಿಡಲಿಲ್ಲ. ನೆಂಟರು ಸುಮ್ಮನಿರಬೇಕಲ್ಲ! ಒಬ್ಬಳು ಇಡೀ ಹಾಡನ್ನು ಮೊದಲಿಂದ ಕೊನೆಯವರೆಗೆ ಕಿವಿಯಲ್ಲಿ ಹೇಳಿದಳು. ಇನ್ನೊಬ್ಬಳು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದಳು. ಮುದುಕಿ ಯಾರದೋ ಮನೆಯ ಹಾಡು ಕೇಳಿದವಳಂತೆ ತಲೆಯಾಡಿಸಿದಳು, ಅಷ್ಟೆ. ಮದುಮಗಳ ಕಣ್ಣು ತುಂಬಿತು.

ಆಗ ಸೊಸೆಗೆ ಒಂದು ಸಂಗತಿ ಹೊಳೆಯಿತು. ಅತ್ತೆ ಎಂದೂ ತಾನಾಗಿ ಹಾಡು ಎತ್ತಿದವಳಲ್ಲ. ಬೀಸುವ ಕಲ್ಲಿನ ಮುಂದೆ ಎದುರಿಗೆ ಕೂರುತ್ತಿದ್ದ ಓರಗಿತ್ತಿ ಮೊದಲ ಸೊಲ್ಲು ಎತ್ತಿಕೊಡುತ್ತಿದ್ದಳು, ಉಳಿದದ್ದನ್ನೆಲ್ಲ ಈಕೆ ಹಿಡಿದು ಹಾಡುತ್ತಿದ್ದಳು. ಸೊಸೆ ಹೊಸದಾಗಿ ಬಂದಾಗ ಅದನ್ನು ಕಣ್ಣಾರೆ ನೋಡಿದ್ದಳು. ಓರಗಿತ್ತಿ ತೀರಿಕೊಂಡ ಮೇಲೆ ಎತ್ತಿಕೊಡುವವರೇ ಇರಲಿಲ್ಲ. ಸೊಸೆ ಹೋಗಿ ಅತ್ತೆಯ ಎದುರಿಗೆ ಕೂತು ಮೂರೇ ಮಾತು ಹಾಡಿದಳು: "ಎಲ್ಲಿಂದ ಬಂದೆ ಅರಿಶಿನವೇ..."

ಮುದುಕಿ ತಲೆ ಎತ್ತಿದಳು. ಹಾಡು ಬಂತು. ಒಂದು ನುಡಿಯೂ ತಪ್ಪದೆ ಬಂತು! ಒನಕೆ ಎದ್ದು ಬಿತ್ತು. ಹೆಂಗಸರು ನಕ್ಕರು, ಅತ್ತರು. ಸೊಸೆಯಂತೂ ಹಿಗ್ಗಿ ಹೀರೇಕಾಯಿಯಾದಳು.

ಅಲ್ಲಿಗೆ ನಿಲ್ಲಿಸಿದ್ದರೆ ಇದು ಕತೆಯೇ ಅಲ್ಲ ಬಿಡು. ಪ್ರೀತಿಗೆ ಸಾಕು ಎನ್ನುವುದು ಗೊತ್ತಿದ್ದರೆ ತಾನೇ! ಮದುವೆ ಮುಗಿದ ಮೇಲೂ ಸೊಸೆ ದಿನಾ ಎದುರಿಗೆ ಕೂತಳು. ಬೀಸುವ ಪದ ಎತ್ತಿಕೊಟ್ಟಳು, ಅತ್ತೆ ಹಾಡಿದಳು. ನಾಟಿಯ ಪದ ಎತ್ತಿಕೊಟ್ಟಳು, ಅದನ್ನೂ ಹಾಡಿದಳು. ಒಂದು ಮಧ್ಯಾಹ್ನ ಜೋಗುಳದ ಸೊಲ್ಲು ಎತ್ತಿಕೊಟ್ಟಳು. ಮೊಮ್ಮಕ್ಕಳನ್ನು ತೂಗುವಾಗಲೂ ಅತ್ತೆ ಜೋಗುಳ ಹಾಡಿದವಳಲ್ಲ ಎಂಬುದು ಅವಳಿಗೆ ಆಗ ನೆನಪಾಗಲಿಲ್ಲ.

ಅತ್ತೆ ಹಾಡಿದಳು. ಎಷ್ಟು ಚೆನ್ನಾಗಿ ಹಾಡಿದಳು! ಹಾಡುತ್ತ ಹಾಡುತ್ತ ಅವಳ ಕೈ ಮಡಿಲಲ್ಲಿ ತಡಕಾಡಿತು. ಹಾಡು ನಿಂತಿತು.

"ಕೂಸು ಎಲ್ಲಿ?" ಎಂದಳು.

"ಯಾವ ಕೂಸು ಅತ್ತೆ?"

"ನನ್ನ ಚೊಚ್ಚಲ ಕೂಸು ಕಣೇ. ಈಗ ತಾನೇ ಮಲಗಿಸಿದ್ದೆ."

ಆಗ ಸೊಸೆಗೆ ನೆನಪಾಯಿತು. ಅವಳು ಆ ಮನೆ ತುಂಬುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಮಗು ತೊಟ್ಟಿಲಲ್ಲೇ ಹೋಗಿತ್ತು. ಅಂದಿನಿಂದ ತಾಯಿ ಜೋಗುಳವನ್ನು ಬಾಯಿಗೆ ತಂದಿರಲಿಲ್ಲ. ಹಾಗೆ ಮುಚ್ಚಿಟ್ಟುಕೊಂಡೇ ಉಳಿದ ಮಕ್ಕಳನ್ನು ಸಾಕಿದಳು, ಮನೆ ನಡೆಸಿದಳು. ಈಗ ಕೋಣೆ ಕೋಣೆಗೂ ಹೋಗಿ ಹುಡುಕಿದಳು. ಪಕ್ಕದ ಮನೆಗೂ ಹೋಗಿ ಕೇಳಿದಳು. ಅಯ್ಯೋ, ಏನೆಂದು ಸಮಾಧಾನ ಹೇಳುವುದು? ಸೊಸೆ ಅವಳನ್ನು ತಬ್ಬಿಕೊಂಡು "ತಪ್ಪಾಯಿತು ಅತ್ತೆ" ಎಂದು ಅತ್ತಳು. ತೆರೆಯುವ ಸೊಲ್ಲು ಅವಳಿಗೆ ಗೊತ್ತಿತ್ತು. ಮುಚ್ಚುವ ಸೊಲ್ಲು ಗೊತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ದಯಾಕರ ಕೇಳಿದ, "ಆದರೆ ಗುರುಗಳೇ, ಅರಿಶಿನದ ಹಾಡು ಬಂದದ್ದು ಸುಳ್ಳಲ್ಲವಲ್ಲ?"

"ಸುಳ್ಳಲ್ಲ ಮಗು. ಅದಕ್ಕೇ ಕೆಲಸ ಬಿಡು ಎಂದು ನಾನು ಹೇಳುತ್ತಿಲ್ಲ" ಎಂದು ಅವರು ಅವನ ಬೆನ್ನ ಮೇಲೆ ಕೈಯಿಟ್ಟರು.

"ನಿನ್ನ ತಾಯಿಯ ಜೀವಕೋಶಗಳು ವಯಸ್ಸಿಗೆ ಮರೆತದ್ದು ಯಾವುದು, ಬದುಕಲೆಂದೇ ಮುಚ್ಚಿಟ್ಟದ್ದು ಯಾವುದು, ನಿನ್ನ ಪೆಪ್ಟೈಡಿಗೆ ಗೊತ್ತಾಗುತ್ತದೆಯೇ?"